ಬರದ ಕಾಲದಲ್ಲೇ ಹುಟ್ಟಿದ ಬೇಸಾಯ ನಮ್ಮದು

"ಹವಾಮಾನ ಕೆಟ್ಟೈತಿ, ಇನ್ನ ಮಳಿ ನಂಬಿ ಒಕ್ಕಲುತನ ಮಾಡೋದು ಮುಗೀತು" - ನಮ್ಮ ಗಿಲ್ಲೆಸುಗೂರಿನ ಕಡೆ ಈಗ ಯಾವ ಕಟ್ಟೆಯ ಮೇಲೆ ಕೂತರೂ ಇದೇ ಮಾತು. 2023ರ ಬರ ಕಂಡ ಮೇಲಂತೂ ಜೋರಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆಂದರೆ ಕೃಷ್ಣೆ-ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ಬಿತ್ತನೆ ಬೇರು ಬಿಟ್ಟದ್ದೇ ಮಳೆ ಹಿಂದೆ ಸರಿಯುತ್ತಿದ್ದ ಕಾಲದಲ್ಲಿ.

ಹಿಮಯುಗ ಮುಗಿದು ಸುಮಾರು 11,700 ವರ್ಷವಾಯಿತು. ಆಮೇಲೆ ಕೆಲವು ಸಾವಿರ ವರ್ಷ ಮುಂಗಾರು ಈಗಿನದಕ್ಕಿಂತ ಬಲವಾಗಿತ್ತು. ಭೂಮಿ ಸೂರ್ಯನನ್ನು ಸುತ್ತುವ ರೀತಿ ಬಹಳ ನಿಧಾನವಾಗಿ ಬದಲಾಗುತ್ತದೆ; ಆಗ ಬೇಸಿಗೆಯ ಬಿಸಿಲು ನಮ್ಮ ಭಾಗದಲ್ಲಿ ಹೆಚ್ಚು, ನೆಲ ಕಾದಷ್ಟೂ ಕಡಲ ಗಾಳಿಯ ಸೆಳೆತ ಹೆಚ್ಚು. ನಂತರ ಅದು ಇಳಿಯುತ್ತಾ ಬಂತು. ಮಹಾರಾಷ್ಟ್ರದ ಲೋಣಾರ್ ಸರೋವರದ ತಳದ ಕೆಸರು, ಗೋದಾವರಿ ಕಡಲು ಸೇರುವಲ್ಲಿ ಸಮುದ್ರದಡಿ ಕೂತ ಮಣ್ಣು - ಎರಡನ್ನೂ ಪರೀಕ್ಷೆ ಮಾಡಿದ ವಿಜ್ಞಾನಿಗಳಿಗೆ ಸಿಕ್ಕಿದ್ದು ಒಂದೇ ಕತೆ: ಸುಮಾರು 4,000 ವರ್ಷದ ಹಿಂದಿನ ಹೊತ್ತಿಗೆ ದಖ್ಖನ್ ಒಣಗುತ್ತಿತ್ತು.

ಆ ಹೊತ್ತಿಗೆ ಇಲ್ಲಿ ಮಂದಿ ಇದ್ದರು. ದನಗಾರರು. ಮುದಗಲ್ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ಅವರು ಕೊರೆದ ಡುಬ್ಬದ ಎತ್ತುಗಳು ಇಂದಿಗೂ ಇವೆ. ಅವರು ಬಿಟ್ಟುಹೋದ ಇನ್ನೊಂದು ಗುರುತು ಬೂದಿ ದಿಬ್ಬಗಳು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದೊಂದನ್ನು ವಾಲಿಯನ್ನು ಸುಟ್ಟ ಜಾಗ ಅಂತಾರೆ. ನಿಜಕ್ಕೂ ಅದು ಸಗಣಿಯ ಬೂದಿ. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಅಗೆದಾಗ ಕಂಬ ನೆಟ್ಟ ದೊಡ್ಡಿಯ ಗುರುತು, ಬೂದಿಯಲ್ಲಿ ದನಗಳ ಗೊರಸಿನ ಅಚ್ಚು ಸಿಕ್ಕವು. ದೊಡ್ಡಿಯಲ್ಲಿ ಸಗಣಿ ಕೂಡಿಡುವುದು, ಸುಡುವುದು, ಮತ್ತೆ ಕೂಡಿಡುವುದು. ಹೊಲಕ್ಕೆ ಹಾಕೋದು ಬಿಟ್ಟು ಸುಟ್ಟರಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

ಇವರು ಏನು ಬಿತ್ತಿದರು? ಇದನ್ನು ತಿಳಿಯುವ ವಿಧಾನ ನಮಗೆ ಅರ್ಥವಾಗುವಂಥದೇ. ಅಗೆದ ಮಣ್ಣನ್ನು ನೀರಿಗೆ ಹಾಕಿದರೆ ಕರಕಲಾದ ಕಾಳು ಮೇಲೆ ತೇಲುತ್ತದೆ. ಬೀಜ ತೊಳೆಯುವಾಗ ಜೊಳ್ಳು ತೇಲುವ ಹಾಗೆ. ಬಳ್ಳಾರಿ ಮಗ್ಗುಲಿನ ಸಂಗನಕಲ್ಲು ಮೊದಲಾದ ಕಡೆ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಇವರೆಲ್ಲ ಸೇರಿ ಈ ಕೆಲಸ ಮಾಡಿದರು. ಪದೇ ಪದೇ ಸಿಕ್ಕಿದ್ದು ನಾಲ್ಕು: ಕೊರಲೆ, ನವಣೆಯ ಬಳಗದ ಒಂದು ಹುಲ್ಲು (ತೆನೆ ಬಟ್ಟೆಗೆ ಅಂಟಿಕೊಳ್ಳುತ್ತದಲ್ಲ, ನಾವು ಈಗ ಕಳೆ ಅಂತ ಕೀಳೋದು), ಹುರುಳಿ ಮತ್ತು ಹೆಸರು. ನಮ್ಮ ರೊಟ್ಟಿಯ ಜೋಳ, ಸಜ್ಜೆ ಆಫ್ರಿಕಾ ಮೂಲದವು, ಆಮೇಲೆ ಬಂದವು. ಮೆಣಸಿನಕಾಯಿ, ಶೇಂಗಾ ಅಂತೂ ನಿನ್ನೆ ಮೊನ್ನೆಯ ನೆಂಟರು.

ಮಳೆ ಕಡಿಮೆಯಾದದ್ದೊಂದೇ ಬೇಸಾಯಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಕೂಡುತ್ತದೆ. ಕಾಡು ತೆಳುವಾಗಿ ಹುಲ್ಲು ಹೆಚ್ಚಿದಾಗ ದನಕ್ಕೆ ಮೇವು ಸಿಕ್ಕಿತು. ಇನ್ನೂ ಒಣಗಿದಾಗ ತಾನಾಗಿ ಬೆಳೆಯುತ್ತಿದ್ದ ಕಾಳು ಗುಡ್ಡದ ಬುಡಕ್ಕೆ ಸರಿಯಿತು, ಬೇಕೆಂದರೆ ಬಿತ್ತಲೇಬೇಕಾಯಿತು. ಅವರು ಆರಿಸಿಕೊಂಡದ್ದನ್ನು ನೋಡಿ: ಬೇಗ ಬರುವ ಕಾಳು, ಕಡಿಮೆ ಹಸಿಯಲ್ಲಿ ನಿಲ್ಲುವ ದ್ವಿದಳ, ಮಳೆ ಹೋದರೆ ನಡೆಸಿಕೊಂಡು ಹೋಗಬಹುದಾದ ದನ. ಮೂರೂ ಒಟ್ಟಿಗೆ. ಒಂದು ಹೋದರೆ ಇನ್ನೊಂದು.

ಈಗ ನಮ್ಮ ಹೊಲ ನೋಡಿ. ಕಾಲುವೆ ನೀರು ಮುಟ್ಟಿದಲ್ಲಿ ಭತ್ತ, ಮುಟ್ಟದಲ್ಲಿ ಹತ್ತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿ ಹೋದಾಗ ಭತ್ತದವರ ಎದೆ ಹೇಗೆ ಹೊಡೆದುಕೊಂಡಿತೆಂದು ಎಲ್ಲರಿಗೂ ಗೊತ್ತು. ಹತ್ತಿಯವನಿಗೆ ಮಳೆ ಇಪ್ಪತ್ತು ದಿನ ತಡವಾದರೆ ಬೀಜ, ಗೊಬ್ಬರ, ಔಷಧಿಯ ಸಾಲವೇ ಉಳಿಯುವುದು. ಕೊಟ್ಟಿಗೆಯಲ್ಲಿ ದನ ಇಲ್ಲ, ಟ್ರ್ಯಾಕ್ಟರಿನ ಬಾಡಿಗೆ ಇದೆ.

"ಹಂಗಾದ್ರ ಹುಳ್ಳಿ ಬಿತ್ರಿ" ಅಂತ ಹೇಳೋದು ಸುಲಭ. ಬಿತ್ತಿದವನಿಗೆ ಏನು ಸಿಗುತ್ತದೆ? ಕೇಂದ್ರ ಸರಕಾರ 22 ಬೆಳೆಗಳಿಗೆ ಬೆಂಬಲ ಬೆಲೆ ಸಾರುತ್ತದೆ. ಈ ನೆಲದ ಹಳೆಯ ಬೆಳೆಗಳಲ್ಲಿ ಆ ಪಟ್ಟಿಯಲ್ಲಿರುವುದು ಹೆಸರು ಒಂದೇ. ಹುರುಳಿ ಇಲ್ಲ, ಕೊರಲೆ ಇಲ್ಲ. ರಾಜ್ಯ ಸರಕಾರ 2019-20ರಲ್ಲಿ ರೈತ ಸಿರಿ ಎಂದು ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿಯ ಯೋಜನೆ ತಂತು, ಒಳ್ಳೆಯದೇ. ಆದರೆ ಅದು ಬೆಳೆದದ್ದಕ್ಕೆ ಕೊಡುವ ಪ್ರೋತ್ಸಾಹ, ಮಾರುವಾಗ ಸಿಗುವ ಬೆಲೆಯಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. ಪೇಟೆಯಲ್ಲಿ ಪೊಟ್ಟಣ ಬಂದವು. ಹೊಲದ ಬದುವಿಗೆ ಖರೀದಿದಾರ ಬರಲಿಲ್ಲ.

ಇನ್ನೊಂದು ಮಾತನ್ನು ಗಂಡಸರು ಮರೆಯುತ್ತೇವೆ. ಕೊರಲೆ ಹೊಲ ಬಿಟ್ಟು ಹೋದದ್ದು ಬರೀ ಬೆಲೆಯಿಂದಲ್ಲ. ಅದರ ಸಿಪ್ಪೆ ಬಿಡಿಸುವುದು ಹೆಣ್ಣುಮಕ್ಕಳ ರಟ್ಟೆ ಬೀಳುವ ಕೆಲಸ. ಸಂಗನಕಲ್ಲಿನ ಬಂಡೆಗಳಲ್ಲಿ ಅರೆದು ಅರೆದು ಬಿದ್ದ ಗುಳಿಗಳಿವೆ; ಆ ಗುಳಿ ಯಾರ ತೋಳಿನಿಂದ ಬಿತ್ತು ಎಂದು ಕೇಳಿಕೊಳ್ಳಬೇಕು. ಹೋಬಳಿಗೊಂದು ಸಿಪ್ಪೆ ತೆಗೆಯುವ ಗಿರಣಿ ಇಲ್ಲದೆ ಹಳೆಯ ಕಾಳು ಬಿತ್ತಿರಿ ಅನ್ನುವವರ ಮಾತಿಗೆ ನಮ್ಮ ಮನೆಯಾಕೆ ನಕ್ಕುಬಿಡುತ್ತಾಳೆ, ಸರಿಯಾಗಿಯೇ.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು: ಹುರುಳಿ, ಕೊರಲೆಗೆ ಬೆಂಬಲ ಬೆಲೆ, ಹೋಬಳಿ ಮಟ್ಟದಲ್ಲಿ ಖರೀದಿ ಮತ್ತು ಗಿರಣಿ, ಎರಡು ದನ ಕಟ್ಟುವ ಸಣ್ಣ ಹಿಡುವಳಿದಾರನಿಗೆ ಮೇವಿನ ನೆರವು. ಅಲ್ಲಿಯವರೆಗೆ ನಾಲ್ಕೆಕರೆಯಲ್ಲಿ ಒಂದೆಕರೆಯಾದರೂ ಹತ್ತಿ ಬಿಡೋಣ. ಮುಂಗಾರಿಗೆ ಹೆಸರು, ಅದು ಎದ್ದ ಮೇಲೆ ಹಿಂದಿನ ಹಸಿಗೆ ಹುರುಳಿ. ಮಸಾರಿ ನೆಲಕ್ಕೆ ಇದು ಹೊಂದುತ್ತದೆ, ಹೊಟ್ಟು ದನಕ್ಕೆ. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಯಾರ ಮನೆಯಲ್ಲಾದರೂ ಊರ ಕೊರಲೆಯ ಬೀಜ ಉಳಿದಿದ್ದರೆ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಒಂದು ಸೇರು ಸಿಕ್ಕರೂ ನಾನೇ ಬಂದು ಒಯ್ಯುತ್ತೇನೆ.