ಹಾಡು ನಿಂತರೆ ನಿಲ್ಲಲಿ ಬಿಡಿ

ಬೈಕ್ ಓಡಿಸುವಾಗ ಹಾಡು ಕೇಳೋದು ಸರಿಯೋ ತಪ್ಪೋ ಅನ್ನೋ ವಾದ ಮುಗಿಯೋದೇ ಇಲ್ಲ. ನನ್ನ ಪ್ರಕಾರ ಹಾಡಿಗಿಂತ ದೊಡ್ಡ ಅಪಾಯ, ಹಾಡು ನಿಂತುಹೋಗೋದು! ನಗಬೇಡಿ ಮಾರಾಯ್ರೇ, ಸ್ವಲ್ಪ ಕೇಳಿ.

ಈ ಸಂಗೀತದ ಡಬ್ಬಿಗಳನ್ನ ಮಾಡಿದವರ ತಲೆಯಲ್ಲಿ ಬೈಕ್ ಸವಾರ ಇರಲೇ ಇಲ್ಲ ಅನ್ಸುತ್ತೆ. 1979ರ ಜುಲೈನಲ್ಲಿ ಜಪಾನಿನಲ್ಲಿ ಸೋನಿಯವರ ವಾಕ್‌ಮನ್ ಬಂತು. ಹೆಸರೇ ಹೇಳುತ್ತಲ್ಲ, ಅದು ನಡೆದು ಹೋಗೋರಿಗೆ. 2001ರಲ್ಲಿ "ಜೇಬಿನಲ್ಲಿ ಸಾವಿರ ಹಾಡು" ಅಂತ ಐಪಾಡ್ ಬಂತು, ಒಳಗೆ ಗಿರಗಿರ ತಿರುಗುವ ಪುಟ್ಟ ಹಾರ್ಡ್ ಡಿಸ್ಕ್. ಆ ಜೇಬು ಅಂಧೇರಿಯಿಂದ ಘಾಟ್‌ಕೋಪರ್‌ವರೆಗೆ ಹೊಂಡದಿಂದ ಹೊಂಡಕ್ಕೆ ಕುಣಿಯುತ್ತೆ ಅಂತ ಕ್ಯಾಲಿಫೋರ್ನಿಯಾದವರಿಗೆ ಯಾರು ಹೇಳಬೇಕು?

ಇಷ್ಟು ವರ್ಷದ ಮುಂಬಯಿ ವಾಸದಲ್ಲಿ ನಾನು ಕಂಡ ಫಜೀತಿ ಒಂದೆರಡಲ್ಲ. ಹೆಲ್ಮೆಟ್ಟಿನೊಳಗೆ ತೂರಿಸಿ, ಶರ್ಟಿನೊಳಗಿಂದ ಜೇಬಿಗೆ ಇಳಿಸಿದ ವಯರು. ಕತ್ತು ಬಲಕ್ಕೆ ತಿರುಗಿದ್ರೆ ಎಡಗಿವಿಯದ್ದು ಹೊರಗೆ. ಪಿನ್ನಿನ ಬುಡದಲ್ಲಿ ಬಾಗಿ ಬಾಗಿ ಕೂದಲೆಳೆಯಂಥ ತಾಮ್ರದ ತಂತಿ ಕಡಿದ್ರೆ ಒಂದೇ ಕಿವಿಯಲ್ಲಿ ಹಾಡು. ಗಾಯಕಿ ಹಾಜರು, ತಬಲಾದವನು ರಜೆ! ಮಳೆಗಾಲ ಬಂದ್ರೆ ಪ್ಲೇಯರ್ ಪ್ಲಾಸ್ಟಿಕ್ ಚೀಲದೊಳಗೆ, ಬಟನ್ನು ಒತ್ತೋಕಾಗದೆ ಮುಲುಂಡ್‌ನಿಂದ ಸಯಾನ್‌ವರೆಗೂ ಒಂದೇ ಹಾಡು.

2016ರಲ್ಲಿ ಐಫೋನ್ 7 ಬಂದಾಗ ಪಿನ್ ಚುಚ್ಚುವ ತೂತೇ ಮಾಯವಾಯ್ತು. ವಯರಿನ ಕಾಟ ತಪ್ಪಿತಲ್ಲ ಅಂದ್ಕೊಂಡ್ರೆ, ಈಗ ಹೆಲ್ಮೆಟ್ ತೆಗೆದಾಗ ಅದರ ಜೊತೆ ಇಯರ್‌ಬಡ್ಡೂ ಹಾರುತ್ತೆ, ಸೀದಾ ಗಟಾರಕ್ಕೆ. ಉಳಿದ ಇನ್ನೊಂದು ಡಬ್ಬಿಯೊಳಗೆ ವಿಧುರನ ಥರ ಕೂತಿರುತ್ತೆ.

ಇದೆಲ್ಲ ನಗೋ ವಿಷಯಾನೇ. ಆದ್ರೆ ಓಡುವ ಬೈಕಿನ ಮೇಲೆ ಹಾಡು ಕೈಕೊಟ್ಟಾಗ ನಮ್ಮ ಕೈ ಎಲ್ಲಿಗೆ ಹೋಗುತ್ತೆ ನೋಡಿ. ಎಡಗೈಗೆ ಕ್ಲಚ್ಚು, ಬಲಗೈಗೆ ಮುಂದಿನ ಬ್ರೇಕು, ಎರಡಕ್ಕೂ ಕೆಲಸ ಇದೆ. ಆದ್ರೂ ಒಂದು ಕೈ ಜೇಬು ತಡಕುತ್ತೆ. ಗಂಟೆಗೆ 40 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 11 ಮೀಟರ್. ಮೂರು ಸೆಕೆಂಡ್ ತಡಕಿದ್ರೆ 33 ಮೀಟರ್ ದಾರಿ ದೇವರ ಪಾಲು. ಈ ಊರಲ್ಲಿ ಅಷ್ಟರೊಳಗೆ ಒಂದು ರಿಕ್ಷಾ, ಎರಡು ಹೊಂಡ, ರಸ್ತೆ ದಾಟೋ ಒಬ್ಬ ಅಜ್ಜಿ ಎಲ್ಲ ಬಂದಿರ್ತಾರೆ. 2009ರಲ್ಲಿ ಶುರುವಾದ ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಬೈಕಿಗೆ ಪ್ರವೇಶ ಇಲ್ಲ, ನಮಗೆ ಮಾಹಿಮ್ ಕಾಸ್‌ವೇಯ ಗದ್ದಲವೇ ಗತಿ.

ಆ ಕಡಿದ ವಯರು ಒಂದು ಉಪಕಾರ ಮಾಡುತ್ತೆ ಅನ್ನಿ, ಒಂದು ಕಿವಿಯನ್ನ ರಸ್ತೆಗೆ ಬಿಟ್ಟುಕೊಡುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ನಮ್ಮಲ್ಲಿ ಹಾರ್ನಿನ ಸದ್ದು 85 ಡೆಸಿಬಲ್ ದಾಟಿದ್ರೆ ಕೆಂಪು ದೀಪ ಮತ್ತೆ ಮೊದಲಿಂದ ಎಣಿಸೋ ಸಿಗ್ನಲ್ಲನ್ನ 2020ರ ಜನವರಿಯಲ್ಲಿ ಮುಂಬಯಿ ಪೊಲೀಸರು ತೋರಿಸಬೇಕಾಯ್ತು! ಇಂಥ ಗಲಾಟೆ ಮೀರಿ ಎರಡೂ ಕಿವಿಗೆ ಹಾಡು ತುಂಬಿಸಿಕೊಂಡ್ರೆ, ಹಿಂದೆ ಬರೋ ಬೆಸ್ಟ್ ಬಸ್ಸು ಕೇಳಿಸೋದು ಹೇಗೆ?

ಹಾಡೇ ಬೇಡ ಅಂತ ನಾನು ಹೇಳ್ತಿಲ್ಲ. ಒಂದು ಕಿವಿ ರಸ್ತೆಗಿರಲಿ, ಬೇಕಾದ ಹಾಡುಗಳನ್ನ ಕಿಕ್ ಹೊಡೆಯೋ ಮೊದಲೇ ಜೋಡಿಸಿಕೊಳ್ಳಿ. ನಡುದಾರಿಯಲ್ಲಿ ನಿಂತ್ರೆ ನಿಲ್ಲಲಿ. ಬೈಕು ಬದಿಗೆ ಹಾಕಿ ಸರಿಮಾಡಿಕೊಂಡ್ರೆ ಎರಡು ನಿಮಿಷದ ಕೆಲಸ. ಅಲ್ಲಿಯವರೆಗೆ ನಾವೇ ಹಾಡ್ಕೊಂಡ್ರಾಯ್ತು: ಹೆಲ್ಮೆಟ್ಟಿನೊಳಗಿನ ಅಪಸ್ವರ ಯಾರಿಗೂ ಕೇಳಲ್ಲ, ಬ್ಯಾಟರಿಯೂ ಬೇಕಿಲ್ಲ. ಏನಂತೀರಿ?