ಹರಾಜಿನಲ್ಲಿ ಉಳಿದವನನ್ನು ಕಟ್ಟಿಹಾಕಬೇಡಿ

ಬ್ಯಾಟರ್ ಕರುಣ್ ನಾಯರ್ 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕೌಂಟಿಗೆ ಆಡಲು ಹೋದಾಗ ಕರ್ನಾಟಕ ತಂಡದಲ್ಲಿ ಅವರಿಗೆ ಜಾಗವಿರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಅಜೇಯ 303 ಹೊಡೆದವರನ್ನು ಆರು ವರ್ಷಗಳಲ್ಲಿ ದೇಶವೂ ರಾಜ್ಯವೂ ಕೈಬಿಟ್ಟಿದ್ದವು. ಕೌಂಟಿಯಲ್ಲಿ ಸರ್ರೆ ವಿರುದ್ಧ 150 ಹೊಡೆದರು, ಮರುವರ್ಷ ಗ್ಲಾಮೋರ್ಗನ್ ವಿರುದ್ಧ ಅಜೇಯ 202. ಇಲ್ಲಿ ವಿದರ್ಭ ಸೇರಿ, 2024-25ರ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ಬಾರಿಸಿ ಕಪ್ ಗೆಲ್ಲಿಸಿದರು. 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದರು. ಆ ಸರಣಿಯಲ್ಲಿ ದೊಡ್ಡ ಆಟವೇನೂ ಬರಲಿಲ್ಲ, ನಿಜ. ಆದರೆ ಮುಗಿದೇಹೋಯಿತು ಎಂದುಕೊಂಡಿದ್ದ ಬಾಳು ಮತ್ತೆ ಎದ್ದು ನಿಂತಿತಲ್ಲ! ಇದೇ ನಾರ್ಥಾಂಪ್ಟನ್‌ಶೈರ್‌ಗೆ 1995ರಲ್ಲಿ ಅನಿಲ್ ಕುಂಬ್ಳೆ ಆಡಿ 105 ವಿಕೆಟ್ ಕಿತ್ತಿದ್ದರು. ದ್ರಾವಿಡ್ ಕೆಂಟ್‌ಗೆ ಆಡಿದರು, 2003ರಲ್ಲಿ ಸ್ಕಾಟ್ಲೆಂಡಿಗೂ ಆಡಿಬಂದರು.

ಈ ಬಾಗಿಲು ತೆರೆದಿರುವುದು ಕೌಂಟಿಯ ನಾಲ್ಕು ದಿನದ ಮತ್ತು ಒಂದು ದಿನದ ಆಟಕ್ಕೆ ಮಾತ್ರ. ಹಣವಿರುವ ವಿದೇಶಿ ಟಿ20 ಲೀಗ್‌ಗಳಲ್ಲಿ ಭಾರತದ ಗಂಡಸರು ಆಡುವಂತಿಲ್ಲ, ಬಿಸಿಸಿಐ ಬಿಡುವುದಿಲ್ಲ. ಆಡಬೇಕೆಂದರೆ ಇಲ್ಲಿನ ಕ್ರಿಕೆಟ್‌ಗೆ ಪೂರ್ತಿ ವಿದಾಯ ಹೇಳಬೇಕು. ಕೊಡಗಿನ ರಾಬಿನ್ ಉತ್ತಪ್ಪ 2022ರಲ್ಲಿ ಹಾಗೆ ವಿದಾಯ ಹೇಳಿದ ಮೇಲೆಯೇ ದುಬೈ ತಂಡಕ್ಕೆ ಆಡಿದ್ದು. ಹೆಣ್ಣುಮಕ್ಕಳಿಗೆ ಈ ತಡೆ ಇಲ್ಲ. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತ ತಂಡದಲ್ಲಿದ್ದಾಗಲೇ ಆಸ್ಟ್ರೇಲಿಯಾದ ಹೋಬಾರ್ಟ್ ತಂಡಕ್ಕೆ ಆಡಿಬಂದರು. ಅದರಿಂದ ಭಾರತದ ಕ್ರಿಕೆಟ್‌ಗೆ ಯಾವ ನಷ್ಟವೂ ಆಗಲಿಲ್ಲ.

ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ಚೆಂದ ಬೌಲಿಂಗ್ ಮಾಡುವ ಹುಡುಗನನ್ನು ವಲಯದ ಆಯ್ಕೆಗೆ ಕಳಿಸಿ ಎಂದರೆ ಅಪ್ಪಂದಿರು ಕೇಳುವುದು ಒಂದೇ: "ಆಡಿದ್ರ ಏನ್ ಬರ್ತೈತ್ರೀ ಸರ?" ಬೈಗುಳವಲ್ಲ ಅದು, ಲೆಕ್ಕಾಚಾರ. ಕಾಲುವೆಗೆ ಎರಡನೇ ಬೆಳೆಯ ನೀರು ಬರದ ವರ್ಷ ಮಸ್ಕಿ, ಲಿಂಗಸುಗೂರು ಕಡೆಯ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಬಿತ್ತನೆಗೆ ಊರಿಗೆ ಬರುತ್ತಾರೆ. ಹೋದವರನ್ನು ಊರುಬಿಟ್ಟವರು ಎಂದು ಯಾರೂ ಅನ್ನುವುದಿಲ್ಲ. ರಣಜಿ ಆಟಗಾರನಿಗೆ ಮಾತ್ರ, ಹೊರಗೆ ದುಡಿಯಲು ಹೋದರೆ ಇಲ್ಲಿ ಮತ್ತೆ ಕಾಲಿಡಬೇಡ ಎನ್ನುವ ನಿಯಮ.

ಮಂಡಳಿಯ ವಾದವನ್ನು ತಳ್ಳಿಹಾಕುವಂತಿಲ್ಲ. ಭಾರತದ ಆಟಗಾರರು ಐಪಿಎಲ್‌ನಲ್ಲಷ್ಟೇ ಸಿಗುವುದರಿಂದ ಅದಕ್ಕೆ ಅಷ್ಟು ಬೆಲೆ, ಆ ಹಣದಿಂದಲೇ ರಣಜಿಯೂ ನಡೆಯುತ್ತದೆ. ರಣಜಿಯ ಸಂಭಾವನೆಯೂ ಕಡಿಮೆಯಲ್ಲ: ಆಡುವ ಹನ್ನೊಂದರಲ್ಲಿದ್ದರೆ ಹೊಸಬನಿಗೂ ದಿನಕ್ಕೆ 40,000 ರೂಪಾಯಿ. ಆದರೆ ಲೀಗ್ ಹಂತದ ಏಳು ಪಂದ್ಯಗಳನ್ನು ಆಡಿದರೆ 28 ದಿನ. ತಂಡದಿಂದ ಬಿದ್ದರೆ ಅದೂ ಇಲ್ಲ. 38 ರಣಜಿ ತಂಡಗಳು, ತಂಡಕ್ಕೆ 15 ಜನ ಎಂದರೂ 570. ಐಪಿಎಲ್‌ನ ಹತ್ತು ತಂಡಗಳಲ್ಲಿ ವಿದೇಶಿಯರನ್ನು ಕಳೆದರೆ ಭಾರತೀಯರಿಗೆ ಉಳಿಯುವುದು ಸುಮಾರು 170 ಜಾಗ. ಉಳಿದ ನಾನೂರು ಜನರನ್ನು ಹಿಡಿದಿಟ್ಟರೆ ಐಪಿಎಲ್‌ಗೆ ಬರುವ ಲಾಭವೇನು? ಹರಾಜಿನಲ್ಲಿ ಅವರ ಹೆಸರನ್ನೇ ಯಾರೂ ಕೂಗಿಲ್ಲ.

ಹೊರಗೆ ದುಡಿಯುವವನನ್ನೂ ಉಳಿಸಿಕೊಳ್ಳಲು ರಗ್ಬಿಯವರು ದಾರಿ ಕಂಡುಕೊಂಡಿದ್ದಾರೆ. ಫಿಜಿಯ ಸೆಮಿ ರಾದ್ರಾದ್ರಾ ಆಸ್ಟ್ರೇಲಿಯಾದ ಪ್ಯಾರಮಟ್ಟಾದಲ್ಲಿ ರಗ್ಬಿ ಲೀಗ್ ಆಡಿದರು. ಆಮೇಲೆ ಫ್ರಾನ್ಸಿನ ಟೂಲೋನ್, ಬೋರ್ಡೊ, ಇಂಗ್ಲೆಂಡಿನ ಬ್ರಿಸ್ಟಲ್, ಮತ್ತೆ ಫ್ರಾನ್ಸಿನ ಲಿಯೋನ್. ನಡುವೆಯೇ ಫಿಜಿ ಪರ ವಿಶ್ವಕಪ್‌ಗಳನ್ನಾಡಿದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ನಿಗದಿಯಾದ ಅಂತರರಾಷ್ಟ್ರೀಯ ಅವಧಿಗಳಲ್ಲಿ ಆಟಗಾರನನ್ನು ದೇಶಕ್ಕೆ ಬಿಟ್ಟುಕೊಡಲೇಬೇಕೆಂಬ ನಿಯಮ ಅಲ್ಲಿನ ಕ್ಲಬ್‌ಗಳಿಗಿದೆ. ಸಂಬಳ ಕೊಡುವವರು ಒಬ್ಬರು, ಕರೆದರೆ ಕಳಿಸಬೇಕಾದದ್ದು ನಾಡಿಗೆ. ಇಷ್ಟನ್ನು ಕಾಗದದಲ್ಲಿ ಬರೆದುಕೊಳ್ಳುವುದು ಬಿಸಿಸಿಐನಂಥ ಶ್ರೀಮಂತ ಮಂಡಳಿಗೆ ಕಷ್ಟವೇ?

ಐಪಿಎಲ್ ಒಪ್ಪಂದವಿಲ್ಲದ, ಭಾರತ ತಂಡದ ಆಯ್ಕೆಯಲ್ಲೂ ಇಲ್ಲದ ಆಟಗಾರನಿಗೆ ವರ್ಷಕ್ಕೆ ಒಂದು ವಿದೇಶಿ ಲೀಗ್ ಆಡಲು ಅನುಮತಿ ಕೊಡಿ. ಅದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಇರಲಿ, ರಣಜಿ ಶುರುವಾಗುವ ಹೊತ್ತಿಗೆ ಆತ ಊರಿನಲ್ಲಿರಬೇಕು ಎಂಬ ಷರತ್ತು ಹಾಕಿ. ಇದಕ್ಕೆ ಮೊದಲ ತಕರಾರು ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆಯಿಂದಲೇ ಬರಬಹುದು, ಯಾಕೆಂದರೆ ಅದರ ಟಿ20 ಪಂದ್ಯಾವಳಿ ಮಹಾರಾಜ ಟ್ರೋಫಿ ನಡೆಯುವುದು ಆಗಸ್ಟ್‌ನಲ್ಲಿ. ಹೆಸರಿರುವ ನಾಲ್ಕಾರು ಜನ ಅದಕ್ಕೆ ಸಿಗಲಿಕ್ಕಿಲ್ಲ. ಸಿಗದಿದ್ದರೆ ಸಿಗದಿರಲಿ. ಗುಲ್ಬರ್ಗ ಮಿಸ್ಟಿಕ್ಸ್ ಎಂದು ನಮ್ಮ ಭಾಗದ ಹೆಸರು ಹೊತ್ತ ತಂಡವೊಂದು ಅಲ್ಲಿದೆ; ಖಾಲಿಯಾದ ಜಾಗಕ್ಕೆ ರಾಯಚೂರು ವಲಯದ ಹುಡುಗರನ್ನು ಕರೆಯಿರಿ. ಬಸ್ಸಿಗೆ ಹತ್ತಿಸುವುದು ನಮ್ಮಂಥ ಮಾಸ್ತರರ ಕೆಲಸ, ಮಾಡುತ್ತೇವೆ.