ಲೆಕ್ಕಕ್ಕೆ ಬಾರದ ರಾತ್ರಿಗಳು

ಬೇಸಿಗೆಯ ಬವಣೆ ಎಂದೊಡನೆ ನಮ್ಮ ಪತ್ರಿಕೆಗಳೂ ಅಧಿಕಾರಿಗಳೂ ಮಧ್ಯಾಹ್ನದ ಬಿಸಿಲಿನ ಮಾತನ್ನಷ್ಟೇ ಆಡುತ್ತಾರೆ. ಹನ್ನೆರಡರಿಂದ ಮೂರು ಗಂಟೆಯವರೆಗೆ ಹೊರಗೆ ಹೋಗಬೇಡಿ, ಮಜ್ಜಿಗೆ ಕುಡಿಯಿರಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಿ ಎಂಬ ಸಲಹೆಗಳು ವರ್ಷವರ್ಷವೂ ತಪ್ಪದೆ ಪ್ರಕಟವಾಗುತ್ತವೆ. ಹೊತ್ತು ಮುಳುಗಿದೊಡನೆ ಸಲಹೆಯೂ ಮುಗಿಯುತ್ತದೆ. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಂತಹ ಕಡೆ ಕೂಲಿಯವರಿಗೆ, ಬಾಣಂತಿಯರಿಗೆ, ಮುದುಕರಿಗೆ ನಿಜವಾದ ಕಷ್ಟ ಶುರುವಾಗುವುದೇ ಆಗ. ಹಗಲಿನ ಬಿಸಿಲಿಗೆ ಮರದ ನೆರಳಾದರೂ ಉಂಟು. ರಾತ್ರಿ ತಾರಸಿಯಿಂದ ಇಳಿಯುವ ಕಾವಿಗೆ ಯಾವ ನೆರಳಿದೆ? ಏಪ್ರಿಲ್ ಕೊನೆಯಲ್ಲಿ, ಭರಣಿ ಮಳೆ ಇನ್ನೇನು ಬರಬೇಕು ಎನ್ನುವಾಗ, ಮೋಡ ಕವಿದು ಗಾಳಿ ನಿಂತುಹೋದ ರಾತ್ರಿಗಳಲ್ಲಿ ಊರಿಗೆ ಊರೇ ಮಗ್ಗುಲು ಬದಲಿಸುತ್ತ ಬೆಳಗು ಮಾಡುತ್ತದೆ. ಈ ನಿದ್ದೆಗೇಡು ವಿಧಿಯಲ್ಲ, ಯಾರೊಬ್ಬರ ಮನೆಯ ಖಾಸಗಿ ಸಂಕಟವೂ ಅಲ್ಲ. ಅದರ ದೊಡ್ಡ ಪಾಲು ಸಾರ್ವಜನಿಕ ತೀರ್ಮಾನಗಳ ಫಲ. ಆದ್ದರಿಂದ ಅದನ್ನು ಸಾರ್ವಜನಿಕವಾಗಿಯೇ ಪ್ರಶ್ನಿಸಬೇಕು ಎಂಬುದು ಈ ಲೇಖನದ ವಾದ.

ಬಯಲುಸೀಮೆಯ ಬಾಗೂರಿನ ಮಾತು ಮಲೆನಾಡಿನ ನಮಗೇಕೆ ಎಂದು ಕೆಲವರು ಕೇಳಬಹುದು. ಮೂಡಿಗೆರೆಯ ಕಡೆ ಹುಟ್ಟಿ ಸಕಲೇಶಪುರವನ್ನು ಹಾಯ್ದು ಬರುವ ನಮ್ಮ ಹೇಮಾವತಿ ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಕಾಲುವೆಯಾಗಿ ಹರಿದು, ಬಾಗೂರು–ನವಿಲೆ ಸುರಂಗದೊಳಗೆ ನುಸುಳಿ ತುಮಕೂರಿನತ್ತ ಸಾಗುತ್ತಾಳೆ. ಸುರಂಗ ಬಂದ ಮೇಲೆ ಬಾವಿಗಳು ಬತ್ತಿದವು ಎಂಬುದು ಮೇಲಿನ ನೆಲದ ರೈತರ ಹಳೆಯ ಅಳಲು. ಕಾಲ ಕೆಳಗೆ ನದಿ ಹರಿಯುತ್ತಿದ್ದರೂ ಕೆರೆ ಒಣಗಿದ ಊರೆಂದರೆ ಏನೆಂಬುದನ್ನು ನಾವೂ ಅರಿಯಬೇಕು. ಅಲ್ಲದೆ, ಅಲ್ಲಿ ಮನೆಗಳ ಮೇಲೆ ಬಂದದ್ದು ಇಲ್ಲಿಗೂ ಬಂದಾಗಿದೆ. ಹೆಂಚು ಇಳಿದು ಶೀಟು ಏರುತ್ತಿರುವುದು ನಮ್ಮ ಊರುಗಳಲ್ಲಿಯೂ ಅಲ್ಲವೇ?

ಮೊದಲು ಸರಕಾರಿ ಲೆಕ್ಕವನ್ನು ನೋಡೋಣ. ಭಾರತೀಯ ಹವಾಮಾನ ಇಲಾಖೆಯ ನಿಯಮದಂತೆ ಬಯಲು ಪ್ರದೇಶದಲ್ಲಿ ಗರಿಷ್ಠ ತಾಪ 40 ಡಿಗ್ರಿ ಸೆಲ್ಸಿಯಸ್ ಮುಟ್ಟದ ಹೊರತು ಬಿಸಿಗಾಳಿಯ ಮಾತೇ ಇಲ್ಲ. ಇಲಾಖೆಯ ಪುಸ್ತಕದಲ್ಲಿ ‘ಬಿಸಿ ರಾತ್ರಿ’ ಎಂಬ ವರ್ಗವೂ ಒಂದಿದೆ. ರಾತ್ರಿಯ ಕನಿಷ್ಠ ತಾಪ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಅಷ್ಟು ಸಾಲದೆಂಬಂತೆ, ಗರಿಷ್ಠ ತಾಪವೂ 40 ಡಿಗ್ರಿಗೆ ಕಡಿಮೆಯಿರಬಾರದು. ರಾತ್ರಿಯ ಸಂಕಟಕ್ಕೆ ಹಗಲಿನ ಪ್ರಮಾಣಪತ್ರ! ಎತ್ತರದ ಪ್ರಸ್ಥಭೂಮಿಯ ಮೇಲಿರುವ ಹಳೆಯ ಮೈಸೂರು ಸೀಮೆಯಲ್ಲಿ ಇದರ ಅರ್ಥವೇನು? 2016ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರದ ವೀಕ್ಷಣಾಲಯ 39.2 ಡಿಗ್ರಿ ದಾಖಲಿಸಿತು. ಅದು ಅಲ್ಲಿಯವರೆಗಿನ ಪರಮಾವಧಿ. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ನಾಡೆಲ್ಲ ಉಸ್ಸೆಂದ ಆ ದಿನಗಳೂ 40ರ ಗೆರೆಯನ್ನು ಮುಟ್ಟಲಿಲ್ಲ. ಅಂದಮೇಲೆ ಆ ರಾತ್ರಿಗಳಲ್ಲಿ ಎಷ್ಟು ಜನ ನಿದ್ದೆಗೆಟ್ಟರೂ ಕಾಗದದ ಮೇಲೆ ಅವು ‘ಬಿಸಿ ರಾತ್ರಿ’ಗಳಲ್ಲ. ಅಂತಹುದೇ ಪ್ರಸ್ಥಭೂಮಿಯ ಬಾಗೂರಿಗೂ ಇದೇ ಅಳತೆಗೋಲು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ತರುವಾಯವೂ ದೀರ್ಘಕಾಲ, ಕೇಂದ್ರದ ಪರಿಹಾರ ನಿಧಿಗೆ ಅರ್ಹವಾದ ವಿಪತ್ತುಗಳ ಪಟ್ಟಿಯಲ್ಲಿ ಶೀತಗಾಳಿಗೆ ಜಾಗವಿತ್ತು, ಬಿಸಿಗಾಳಿಗೆ ಇರಲಿಲ್ಲ. ಲೆಕ್ಕಕ್ಕೆ ಬಾರದ ನೋವಿಗೆ ಮದ್ದೂ ಬರುವುದಿಲ್ಲ.

ನಿದ್ದೆ ಕೆಟ್ಟರೆ ಏನು ಮಹಾ ಎನ್ನುವವರು ದೇಹದ ಧರ್ಮವನ್ನು ಅರಿಯದವರು. ನಿದ್ದೆ ಬರಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯಬೇಕು. ಬೆವರು ಆವಿಯಾಗುವಾಗ ಮೈ ತಣಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದಿಲ್ಲ, ಸುಮ್ಮನೆ ಹರಿಯುತ್ತದೆ. ಮೈಯ ನೀರು, ಉಪ್ಪು ಕಳೆಯುತ್ತವೆಯೇ ಹೊರತು ತಂಪು ದಕ್ಕುವುದಿಲ್ಲ. ಹಗಲೆಲ್ಲ ಬಿಸಿಲಲ್ಲಿ ದುಡಿದ ಹೃದಯಕ್ಕೆ, ಮೂತ್ರಪಿಂಡಗಳಿಗೆ ವಿಶ್ರಾಂತಿ ಸಿಗುವುದು ರಾತ್ರಿಯಲ್ಲಿ. ಅದೂ ತಪ್ಪಿದರೆ ಮರುದಿನದ ಬಿಸಿಲು ಇಮ್ಮಡಿಯಾಗಿ ಹೊಡೆಯುತ್ತದೆ. ಸಂಜೆ ಅಂಗಳಕ್ಕೆ ನೀರು ಚಿಮುಕಿಸುವುದು ಒಣ ಹವೆಯಲ್ಲಿ ಸರಿ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ತೇವ ಹೆಚ್ಚಿ ಸೆಕೆಯೂ ಹೆಚ್ಚುತ್ತದೆ. ಇಂತಹ ಚಿಕ್ಕ ತಿಳಿವಳಿಕೆಯನ್ನು ಕೂಡ ಮಾರುವವನು ಹೇಳುವುದಿಲ್ಲ.

ಭೂಮಿ ಕಾಯುತ್ತಿದೆ ಎಂಬುದರಲ್ಲಿ ಸಂಶಯವಿಲ್ಲ. 1901ರಿಂದ ದಾಖಲೆ ಇಟ್ಟುಕೊಂಡು ಬಂದ ಹವಾಮಾನ ಇಲಾಖೆಯ ಪ್ರಕಾರ 2024 ಅಲ್ಲಿಯವರೆಗೆ ಭಾರತ ಕಂಡ ಅತ್ಯಂತ ಬಿಸಿ ವರ್ಷ. ಇಂಗಾಲದ ಅನಿಲಗಳು ನೆಲದ ಶಾಖವನ್ನು ಆಕಾಶಕ್ಕೆ ಬಿಡದೆ ತಡೆಯುವುದರಿಂದ ಹಗಲಿನಂತೆ ರಾತ್ರಿಯೂ ಬಿಸಿಯಾಗುತ್ತದೆ. ಆದರೆ ಎಲ್ಲವನ್ನೂ ಜಗತ್ತಿನ ತಾಪದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಆಳುವವರಿಗೆ ಬಲು ಅನುಕೂಲ. ಬಾಗೂರಿನ ಹಳ್ಳಿಯೊಂದರಲ್ಲಿ ಅಕ್ಕಪಕ್ಕದ ಎರಡು ಮನೆಗಳ ಮೇಲೆ ಅದೇ ಸೂರ್ಯ, ಅದೇ ಗಾಳಿ. ಒಂದರಲ್ಲಿ ನಿದ್ದೆ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ವ್ಯತ್ಯಾಸವಿರುವುದು ಸೂರಿನಲ್ಲಿ.

ದಪ್ಪ ಮಣ್ಣಿನ ಗೋಡೆಯೊಳಗೆ ಹಗಲಿನ ಕಾವು ನಿಧಾನವಾಗಿ ಸಾಗುತ್ತದೆ; ಅದು ಒಳಮೈ ತಲುಪುವ ಹೊತ್ತಿಗೆ ಹೊರಗೆ ತಂಪಾಗಿರುತ್ತದೆ. ಮುಂಚಾಚಿದ ಸೂರು ಗೋಡೆಗೆ ನೆರಳು ಕೊಡುತ್ತದೆ. ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲೆದ್ದು ಹೋಗುತ್ತದೆ. ಸಿಮೆಂಟ್ ಶೀಟು, ತಗಡುಗಳಾದರೋ ಹಗಲಿನಲ್ಲಿ ಕಾದ ಹಂಚು. ಅವುಗಳಡಿ ಮಧ್ಯಾಹ್ನ ಮಲಗಿದ ಕೂಸಿನ ಗತಿ ಹೇಳತೀರದು. ಆರ್‌ಸಿಸಿ ತಾರಸಿಯದು ಬೇರೆಯೇ ಮೋಸ. ಅದು ದಿನವಿಡೀ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೆ ಮಲಗಿದವರ ಮೇಲೆ ಇಳಿಸುತ್ತಿರುತ್ತದೆ. ಫ್ಯಾನು ತಿರುಗಿದರೆ ತಾರಸಿಯ ಕೆಳಗಿನ ಆ ಬಿಸಿಗಾಳಿಯೇ ಮುಖಕ್ಕೆ ಬರುತ್ತದೆ.

ಹೀಗಿದ್ದೂ ನಮ್ಮ ಸರಕಾರಿ ಭಾಷೆಯಲ್ಲಿ ಮೊದಲನೆಯದು ‘ಕಚ್ಚಾ’ ಮನೆ, ಎರಡನೆಯದು ‘ಪಕ್ಕಾ’ ಮನೆ! ನಿದ್ದೆ ಕೊಡುವುದು ಕಚ್ಚಾ, ನಿದ್ದೆ ಕಸಿಯುವುದು ಪಕ್ಕಾ. ಪ್ರಧಾನಮಂತ್ರಿ ಆವಾಸ್ ಯೋಜನೆ 2016ರಲ್ಲಿ ಹಳ್ಳಿಗಳಲ್ಲಿ ಆರಂಭವಾದಾಗ ಬಯಲು ಪ್ರದೇಶದ ಮನೆಗೆ ಕೊಟ್ಟ ನೆರವು 1 ಲಕ್ಷ 20 ಸಾವಿರ ರೂಪಾಯಿ. ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಆ ಹಣದಲ್ಲಿ ಎತ್ತರದ ಮಾಡು, ಎದುರುಬದುರು ಕಿಟಕಿ, ಜಗಲಿ ಎಲ್ಲಿಂದ ಬರಬೇಕು? ಬಿಲ್ಲು ಪಾಸಾಗುವುದಕ್ಕೆ ಪಾಯ, ಗೋಡೆ, ಸೂರಿನ ಫೋಟೊ ಬೇಕು; ಆ ಸೂರಿನ ಕೆಳಗೆ ಮನುಷ್ಯ ಮಲಗಬಲ್ಲನೇ ಎಂಬ ಪ್ರಶ್ನೆ ಯಾವ ಕಡತದಲ್ಲಿಯೂ ಇಲ್ಲ.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಜನರೇ ಆಸೆಪಟ್ಟು ಹೆಂಚು ಕಿತ್ತರಲ್ಲವೇ ಎಂದು ಕೇಳುತ್ತಾರೆ. ಕಿತ್ತದ್ದು ನಿಜ, ಆದರೆ ಏಕೆ? ಕೋತಿಗಳ ಹಿಂಡು ಒಮ್ಮೆ ಮಾಡಿನ ಮೇಲೆ ಓಡಿದರೆ ನೂರು ಹೆಂಚು ಒಡೆಯುತ್ತದೆ. ಗೆದ್ದಲು ಜಂತಿ ತಿನ್ನುತ್ತದೆ. ಪ್ರತಿ ವರ್ಷ ಹೆಂಚು ಕೈಯಾಡಿಸುವ ಆಳು ಸಿಗುವುದಿಲ್ಲ. ಮಣ್ಣಿನ ಗೋಡೆ ಸಾರಿಸುವ ಕೆಲಸ ಯಾವಾಗಲೂ ಹೆಂಗಸರ ಬೆನ್ನ ಮೇಲೆಯೇ ಬಿತ್ತು. ಮಣ್ಣಿನ ಮನೆ ಬಡತನದ ಗುರುತಾಗಿ, ಜಾತಿಯ ಅವಮಾನವನ್ನೂ ಹೊತ್ತಿತ್ತು. ಇವನ್ನೆಲ್ಲ ಮರೆತು ‘ಹಿಂದಿನವರು ಸುಖವಾಗಿದ್ದರು’ ಎಂದು ಹಾಡುವುದು ನಗರದಲ್ಲಿ ತಣ್ಣಗೆ ಮಲಗುವವರ ಚಾಳಿ. ಗಟ್ಟಿ ಸೂರಿನ ಆಸೆ ತಪ್ಪಲ್ಲ. ಗಟ್ಟಿತನವೂ ತಂಪೂ ಒಟ್ಟಿಗೆ ಇರಬಾರದೆಂದು ತೀರ್ಮಾನಿಸಿದ ಯೋಜನೆ ತಪ್ಪು.

ಹೊರಗೆ ಮಲಗಬಹುದಲ್ಲ ಎನ್ನುವವರಿಗೂ ಒಂದು ಮಾತು. ಜಗಲಿಯೆಂಬುದು ನಮ್ಮ ಹಿರಿಯರು ಸೆಕೆಗೆ ಕಂಡುಕೊಂಡಿದ್ದ ಉತ್ತರ. ಇಂದು ಹೊಸ ಮನೆಗಳಿಗೆ ಜಗಲಿಯೇ ಇಲ್ಲ. ಇದ್ದರೂ ಚರಂಡಿಯ ಸೊಳ್ಳೆ, ಹಾವು, ಊರಂಚಿಗೆ ಬರುವ ಚಿರತೆಯ ಭಯ. ಅದಿರಲಿ, ಜಗಲಿಯ ತಂಪು ಎಂದಿಗೂ ಗಂಡಸರ ತಂಪಾಗಿಯೇ ಇತ್ತು. ಪ್ರಾಯದ ಮಗಳು, ಸೊಸೆ, ಬಾಣಂತಿ ಒಳಗೇ ಬೇಯಬೇಕು. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವಳೂ ಅವಳೇ. ಸೆಕೆ ಎಲ್ಲರಿಗೂ ಒಂದೇ ಎಂಬುದು ಸುಳ್ಳು.

ಸೂರಿನ ಮಾತಾಯಿತು, ಇನ್ನು ಮರದ ಮಾತು. ಬೆಂಗಳೂರು–ಹಾಸನ ಹೆದ್ದಾರಿ ಚನ್ನರಾಯಪಟ್ಟಣವನ್ನು ಹಾಯ್ದು ಚತುಷ್ಪಥವಾದಾಗ ದಾರಿಬದಿಯ ಮರಗಳು ಉರುಳಿದವು. ನೆರಳಿದ್ದ ನೆಲ, ಗೋಡೆ ಹಗಲಿನಲ್ಲಿ ಕಾಯುವುದೇ ಕಡಿಮೆ. ಕಾಯದಿದ್ದರೆ ರಾತ್ರಿ ಕಾರುವುದೂ ಕಡಿಮೆ. ಡಾಂಬರು, ಕಾಂಕ್ರೀಟುಗಳಿಗೆ ಆ ಗುಣವಿಲ್ಲ. ಮರ ಕಡಿಯದೆ ರಸ್ತೆಯಾಗದು ಎಂಬ ವಾದವೂ ಪೂರ್ಣ ಸತ್ಯವಲ್ಲ. ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ದಾರಿಯಲ್ಲಿ ಬೆಳೆಸಿದ 385 ಆಲದ ಮರಗಳಿಗೆ 2019ರಲ್ಲಿ ರಸ್ತೆ ವಿಸ್ತರಣೆಯಿಂದ ಕುತ್ತು ಬಂದಾಗ, ಜನರ ದನಿ ಎದ್ದ ಮೇಲೆ ಅವನ್ನು ಉಳಿಸುವ ತೀರ್ಮಾನವಾಯಿತು. ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಕೈಗಳೇ ಮರ ಕಡಿಯುವ ಕಾಗದಕ್ಕೂ ಸಹಿ ಹಾಕುತ್ತವೆ ಎಂಬುದನ್ನು ಮರೆಯದಿರೋಣ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಆ ಅನುಮತಿಯ ಪ್ರತಿ ಕೇಳುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಿಂದ ನಮಗಿದೆ.

ಮೂರನೆಯದು ಕರೆಂಟು. ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ತನ್ನು ರಾತ್ರಿ ಪಾಳಿಯಲ್ಲಿ ಕೊಡುವ ಪದ್ಧತಿಗೆ ರೈತನ ನಿದ್ದೆಯೇ ಬೆಲೆ. ಹನ್ನೆರಡಕ್ಕೋ ಎರಡಕ್ಕೋ ಎದ್ದು ಬ್ಯಾಟರಿ ಹಿಡಿದು ತೆಂಗಿನ ತೋಟಕ್ಕೆ ನಡೆಯುವವನು ಹಾವಿಗೂ ಅಂಜಬೇಕು, ಚಿರತೆಗೂ ಅಂಜಬೇಕು. ನಗರದ ಹಗಲಿಗೆ ಕರೆಂಟು ಉಳಿಸಲು ಹಳ್ಳಿಯ ರಾತ್ರಿಯನ್ನು ಕೆಡಿಸುವುದು ಯಾವ ನ್ಯಾಯ? ಬಿಸಿಲಿರುವ ಹಗಲಿನಲ್ಲಿಯೇ ಪಂಪು ಓಡಿಸಬಲ್ಲ ಸೌರ ಫೀಡರುಗಳಿಗೆ 2019ರ ಕುಸುಮ್ ಯೋಜನೆಯಲ್ಲಿ ಅವಕಾಶವಿದೆ. ಯೋಜನೆಯನ್ನು ಪ್ರತಿ ಫೀಡರಿಗೂ ಮುಟ್ಟಿಸುವುದು ಬಾಕಿ ಉಳಿದ ಕೆಲಸ.

ಇದಕ್ಕೆಲ್ಲ ಮಾರುಕಟ್ಟೆಯ ಉತ್ತರ ಸಿದ್ಧವಿದೆ: ಏಸಿ ಕೊಳ್ಳಿ, ಕಂತಿನಲ್ಲಿ ಕೊಳ್ಳಿ. ಏಸಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊರಗೆ ತಳ್ಳುತ್ತದೆ. ಒಬ್ಬನ ಕೋಣೆಯ ತಂಪು ಓಣಿಯ ಉಳಿದವರ ಸೆಕೆಯಾಗುತ್ತದೆ. ಕಾಯಿಲೆಯವರಿಗೆ, ಆಸ್ಪತ್ರೆಗೆ ಅದು ಬೇಕು. ಬೇಡವೆಂದು ಹೇಳುವವರು ನಾವಲ್ಲ. ಆದರೆ ಶೀಟಿನ ಮನೆ ಕಟ್ಟಿಸಿಕೊಟ್ಟು ಏಸಿಯ ಜಾಹೀರಾತು ತೋರಿಸುವುದು ಕಾಲು ಮುರಿದು ಊರುಗೋಲು ಮಾರಿದಂತೆ.

ಬೇರೆ ದಾರಿ ಇಲ್ಲವೇ? ಇದೆ. 2010ರ ಮೇ ತಿಂಗಳ ಬಿಸಿಗಾಳಿಗೆ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದು 2013ರಲ್ಲಿ ತನ್ನದೇ ತಾಪ ನಿರ್ವಹಣಾ ಯೋಜನೆ ರೂಪಿಸಿತು. ನೆರೆಯ ತೆಲಂಗಾಣ 2023ರಲ್ಲಿ ‘ತಂಪು ಸೂರು’ಗಳಿಗೆಂದೇ ಒಂದು ನೀತಿ ಪ್ರಕಟಿಸಿತು. ನಮ್ಮಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ, ಸುಡಬೇಕಿಲ್ಲದ ಇಟ್ಟಿಗೆಯನ್ನು ರೂಢಿಗೆ ತಂದಿತು. ವಿದ್ಯೆ ಬೆಂಗಳೂರಿನಲ್ಲಿದೆ, ಮಣ್ಣು ಬಾಗೂರಿನಲ್ಲಿದೆ. ನಡುವೆ ನಿಂತಿರುವುದು ಗುತ್ತಿಗೆದಾರರ ಅಂದಾಜುಪಟ್ಟಿ.

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟವಾಗಿರಲಿ. ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಹೊಂದಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಬೇಸಿಗೆಯಲ್ಲಿ ರಾತ್ರಿಯ ತಾಪ, ತೇವಾಂಶಗಳನ್ನು ಜನರಿಗೆ ತಿಳಿಯುವಂತೆ ಪ್ರಕಟಿಸಲಿ. 40ರ ಗೆರೆಯನ್ನು ಬಿಟ್ಟು, ಆಯಾ ಸೀಮೆಗೆ ತಕ್ಕ ‘ಬಿಸಿ ರಾತ್ರಿ’ಯ ಅಳತೆ ಬರಲಿ. ವಸತಿ ಯೋಜನೆಯ ಮನೆಗೆ ಎದುರುಬದುರು ಕಿಟಕಿ, ಸೊಳ್ಳೆ ಜಾಲರಿ, ಸೂರಿನಡಿ ಗಾಳಿಕಂಡಿ, ಬಿಸಿಲು ತಡೆಯುವ ಮಾಡು ಇರಲೇಬೇಕು. ಅದಕ್ಕೆ ತಕ್ಕ ಹಣವೂ ಬೇಕು. ಪಂಪ್‌ಸೆಟ್ಟಿಗೆ ಹಗಲು ವಿದ್ಯುತ್ ಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಯುಗಾದಿಗೆ ಗೋಡೆಗೆ ಬಳಿಯುವ ಸುಣ್ಣವನ್ನು ತಾರಸಿಗೂ ದಟ್ಟವಾಗಿ ಬಳಿಯಿರಿ. ಬಿಳಿಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಶೀಟಿನ ಕೆಳಗೆ ಒಂದು ಗೇಣು ಗಾಳಿಯಾಡುವ ಸಂದು ಬಿಟ್ಟು ಬಿದಿರಿನ ತಟ್ಟಿ ಕಟ್ಟಿರಿ. ಪಡುವಣ ಗೋಡೆಯ ಪಕ್ಕ ಹೊಂಗೆಯನ್ನೋ ಬೇವನ್ನೋ ನೆಡಿರಿ.

ವಿದ್ಯಾರ್ಥಿಗಳಲ್ಲಿ ಒಂದು ವಿಶೇಷ ವಿನಂತಿ. ಈ ಬೇಸಿಗೆಯಲ್ಲಿ ನಿಮ್ಮ ಊರಿನ ಒಂದು ಹೆಂಚಿನ ಮನೆ, ಒಂದು ಶೀಟಿನ ಮನೆ, ಒಂದು ತಾರಸಿ ಮನೆಯೊಳಗೆ ಉಷ್ಣಮಾಪಕ ತೂಗುಹಾಕಿ. ರಾತ್ರಿ ಹತ್ತಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ ಓದಿ ಬರೆದಿಡಿ. ಆ ಮನೆಯ ಹೆಂಗಸರನ್ನು ಎಷ್ಟು ಹೊತ್ತು ನಿದ್ದೆ ಬಂತೆಂದು ಕೇಳಿ ಅದನ್ನೂ ಬರೆಯಿರಿ. ಒಂದು ತಿಂಗಳ ಆ ಪುಸ್ತಕವನ್ನು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ದಾಖಲಿಸಲು ಪಟ್ಟು ಹಿಡಿಯಿರಿ. ಸರಕಾರ ಎಣಿಸದ ರಾತ್ರಿಗಳನ್ನು ಮೊದಲು ನಾವು ಎಣಿಸೋಣ. ಎಣಿಸಿದ ಮೇಲೆ ಅವರು ಇಲ್ಲವೆನ್ನಲಾರರು.